ಎಣ್ಣೆ ಹಂಚದ ಜನವರಿ

ಜನವರಿ 8

ಇಂದು ಇಪ್ಪತ್ತೆರಡು ಮನೆ. ಮಧ್ಯಾಹ್ನದವರೆಗೆ ಸರ್ವರ್ ಇಲ್ಲ. ಆಶಾ ಕಾರ್ಯಕರ್ತೆಯ ಕೆಲಸದ ಮೇಲೆ ಈ ಮನೆ ಮನೆ ಸರ್ವೆ ಬೇರೆ.

ಹೊಸನಗರದಿಂದ ಎರಡು ಬಾಕ್ಸ್ ಎಣ್ಣೆ ಬಂದಿದೆ — ಮಂಗನ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚದಂತೆ ಮೈಗೆ ಹಚ್ಚುವುದು. ಕಾಡಿಗೆ ಹೋಗುವ ಮನೆಗಳಿಗಾದರೂ ಮೊದಲು ಕೊಡೋಣವೇ ಎಂದೆ. ಮೇಲ್ವಿಚಾರಕ ರವೀಶ್ ಸರ್ ಒಪ್ಪಲಿಲ್ಲ. ಇಪ್ಪತ್ತನೇ ತಾರೀಕಿಗೆ ಸರ್ವೆ ನೂರು ಪರ್ಸೆಂಟ್ ಆಗಬೇಕಂತೆ, ದಿನಾ ಸಂಜೆ ಮೇಲಿನವರು ಕೇಳುವುದು ಅದೊಂದನ್ನೇ. ಮಂಗನ ಕಾಯಿಲೆ ಬಗ್ಗೆ ಯಾರಾದರೂ ಸತ್ತ ಮೇಲಷ್ಟೇ ಕೇಳುತ್ತಾರೆ... ಇದು ನನ್ನ ಮಾತು. ಅವರೆದುರು ಆಡಲಿಲ್ಲ.

ಜನವರಿ 14

ಶೇಷಮ್ಮನ ಮನೆ ಹಿಂದೆ, ಕಾಡಂಚಿನಲ್ಲಿ, ಮಂಗ ಸತ್ತಿದೆ. ನಾನು ಹೋಗುವಷ್ಟರಲ್ಲಿ ಅವಳೊಬ್ಬಳೇ ಅದನ್ನು ಹೂತೂ ಆಗಿತ್ತು — ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು. ಹನುಮಂತನನ್ನು ಹಾಗೇ ಬಿಡಲಾಗುತ್ತದೆಯೇ ಎಂದಳು. ಆಸ್ಪತ್ರೆಗೆ ತಿಳಿಸಲು ಫೋನ್ ತೆಗೆದೆ. ಕೈ ಹಿಡಿದಳು.

"ತಿಳಿಸಿದ್ರೆ ಕಾಡಿಗೆ ಹೋಗ್ಬೇಡಿ ಅಂತಾರೆ. ಕೊಟ್ಟಿಗೆಗೆ ಹಾಸೋಕೆ ದರಗೆಲೆ ಇಲ್ಲ. ನಾಲ್ಕು ದಿನ ಸುಮ್ನಿರು, ಭವ್ಯಾ."

ಆಗಲಿ ಎಂದೆ. ಬರೀ ಕನಿಕರದಿಂದಲ್ಲ. ತಿಳಿಸಿದರೆ ಆಸ್ಪತ್ರೆ ಟೀಮಿನವರ ಹಿಂದೆ ಎರಡು ದಿನ ಅಲೆಯಬೇಕು, ನನ್ನ ಸರ್ವೆ ನಿಲ್ಲುತ್ತದೆ.

ಜನವರಿ 20

ನೂರು ಪರ್ಸೆಂಟ್. ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೊ, ಹದಿನೇಳು ಚಪ್ಪಾಳೆ. ಮಂಗ ಸತ್ತ ವಿಷಯ ನಾಳೆ ಹೇಳಬೇಕು.

ಜನವರಿ 23

ಹೇಳಿಲ್ಲ. ಶೇಷಮ್ಮನಿಗೆ ಜ್ವರ. ತರಗೆಲೆ ಹೊತ್ತು ಮೈಕೈ ನೋವು ಅಷ್ಟೇ ಅನ್ನುತ್ತಾಳೆ. ಕಣ್ಣು ಕೆಂಡದಂತಿದೆ. ಬೈದು ಆಟೋ ಹತ್ತಿಸಿದೆ. ಸಾಗರದ ಆಸ್ಪತ್ರೆಯಲ್ಲಿ ಅಡ್ಮಿಟ್, ರಕ್ತ ಪರೀಕ್ಷೆಗೆ ಹೋಗಿದೆ.

ಜನವರಿ 26

ಪಾಸಿಟಿವ್.

ಫೆಬ್ರವರಿ 5, ಸಂಜೆ

ಶೇಷಮ್ಮ ತೀರಿಹೋಗಿ ಮೂರು ದಿನ. ಈಗ ಊರಿಗೆ ನಾಲ್ಕು ಜೀಪು. ಬೇಡ ಎಂದವರ ಕೈಗೂ ಎರಡೆರಡು ಬಾಟಲಿ ಎಣ್ಣೆ. ಸರ್ಕಾರವನ್ನು ಬೈದು ಬೈದು ಸಾಕಾಯಿತು. ಈ ಊರಲ್ಲಿ ಸರ್ಕಾರ ಅಂದರೆ ನಾನೇ ಅಲ್ಲವೇ.

ಅವಳ ಮಗ ದುರ್ಗೇಶ್ ತೀರ್ಥಹಳ್ಳಿಯಲ್ಲಿ ಬಸ್ ಡ್ರೈವರ್. ಮಂಗ ಹೂತದ್ದು ಅವನಿಗೆ ಗೊತ್ತಿಲ್ಲ. ಇಂದು ಅವರ ಮನೆ ಅಂಗಳದಲ್ಲಿ ಮೆಲ್ಲಗೆ ಕೇಳಿದ:

"ಇಲ್ಲಿ ಮಂಗ ಏನಾದ್ರೂ ಸತ್ತಿತ್ತಾ, ಭವ್ಯಕ್ಕ? ಯಾರಾದ್ರೂ ಒಂದು ಮಾತು ಹೇಳಿದ್ರೆ ಅವ್ವ ಕಾಡಿಗೆ ಹೋಗ್ತಿರ್ಲಿಲ್ಲ."

ಗೊತ್ತಿಲ್ಲ ಎಂದೆ. ನಿಜ ಹೇಳಿದರೆ ಸತ್ತವಳ ಮೇಲೂ ತಪ್ಪು ಬರುತ್ತದೆ... ನೆಪ ಇದು. ಹೆದರಿದೆ, ಅಷ್ಟೇ. ಅವ್ವನಿಗಾಗಿ ಓಡಾಡಿದವರು ನೀವೊಬ್ಬರೇ ಎಂದು ಕೈ ಮುಗಿದ. ನಾನೂ ಮುಗಿದೆ.

ನಾಳೆ ಬೆಳಿಗ್ಗೆ, ಅವರ ಮನೆಯಲ್ಲಿ ಜನ ಸೇರುವ ಮೊದಲು, ಅವನ ಹತ್ತಿರ ಹೋಗಿ ಮಂಗ ಸತ್ತದ್ದು ನನಗೆ ಗೊತ್ತಿತ್ತು ಎಂದು ಹೇಳಬೇಕು.