ನೀನು ಒಪ್ಪುವಂಥ ಉತ್ತರ

ಮಾರ್ಚ್ ೧೪, ಗುರುವಾರ
ವಿಭಾಗದ ಕೋಣೆ, ಮಧ್ಯಾಹ್ನ

ಪ್ರೀತಿಯ ಆದರೆರಾಯನಿಗೆ,

ಈ ಹೆಸರಿನಿಂದ ನಿನ್ನನ್ನು ಕರೆದು ಬಹಳ ಕಾಲವಾಯಿತು. ಎಂ.ಎ. ತರಗತಿಯಲ್ಲಿ ಯಾರು ಏನೇ ಹೇಳಲಿ, ‘ಆದರೆ’ ಎಂದು ಕೈ ಎತ್ತುತ್ತಿದ್ದವನು ನೀನು. ಹೆಸರಿಟ್ಟವಳು ನಾನು. ಹಾಜರಿ ಕರೆಯುವಾಗ ಮೇಷ್ಟ್ರು ಕೂಡ ಒಮ್ಮೆ ಬಾಯಿತಪ್ಪಿ ಹಾಗೇ ಕೂಗಿದ್ದರು. ‘ಪ್ರೀತಿಯ’ ಎಂದು ಬರೆದದ್ದಕ್ಕೆ ನಿನ್ನ ವಕೀಲರು ತಕರಾರು ತೆಗೆಯಲಾರರು ಎಂದುಕೊಂಡಿದ್ದೇನೆ. ಹೇಗಿದ್ದೀಯ? ಇಲ್ಲಿ ನಾನು ಇದ್ದೇನೆ, ಅಷ್ಟೇ.

ವಕೀಲರು ಕಳಿಸಿದ ವಿಚ್ಛೇದನದ ಕಾಗದಗಳು ತಲುಪಿದವು. ಹಿಂದೆ ಬಂದಾಗಲೆಲ್ಲ ಹೂಂ ಎನ್ನದೆ, ಉಹೂಂ ಎನ್ನದೆ ಸುಮ್ಮನಿದ್ದುಬಿಟ್ಟೆ. ಈ ಸಲ ಸಹಿ ಹಾಕಿದ್ದೇನೆ. ಪತ್ರದ ಜೊತೆಗೇ ಇಟ್ಟಿದ್ದೇನೆ, ನೋಡಿಕೋ. ನಿನಗೆ ಯಾಕೆ ಇಷ್ಟು ಅವಸರ ಎಂದು ನಾನು ಕೇಳುವುದಿಲ್ಲ. ನಾನು ಯಾಕೆ ಇಷ್ಟು ತಡ ಮಾಡಿದೆ ಎಂಬುದನ್ನು ಮಾತ್ರ ಹೇಳಿಬಿಡಬೇಕು ಅನ್ನಿಸಿತು. ನಮ್ಮಿಬ್ಬರ ಪಂದ್ಯ ಮೊನ್ನೆ ಮಂಗಳವಾರ ಮುಗಿಯಿತು. ನಾನು ಸೋತೆ.

ಯಾವ ಪಂದ್ಯ ಎಂದು ನೀನು ಕೇಳಬಹುದು, ಅದಕ್ಕೇ ಮೊದಲಿಂದ ಬರೆಯುತ್ತೇನೆ. ನೀನು ಊರು ಬಿಟ್ಟ ದಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆವು. ತತ್ವಶಾಸ್ತ್ರ ಓದಿ ಹಲ್ಲಿಗೆ ಹತ್ತುವಷ್ಟೂ ಸಿಗುವುದಿಲ್ಲ ಎಂದು ನೀನು ಆಗಲೇ ಓದು ಬಿಟ್ಟು ಹಲ್ಲುಸೆಟ್ ತಯಾರಿಸುವ ಕೆಲಸ ಕಲಿತಿದ್ದೆ. ಬೇರೆ ಊರಿನ ಲ್ಯಾಬಿನಲ್ಲಿ ಜಾಗ ಸಿಕ್ಕಿತ್ತು. ನಾನೂ ಬರುತ್ತೇನೆ ಎಂದರೆ ನೀನು ಬೇಡ ಎಂದೆ. ನೀನು ಕೆಲಸಕ್ಕಾಗಿ ಹೋಗುತ್ತಿಲ್ಲ, ನನ್ನನ್ನು ಬಿಟ್ಟು ಹೋಗುತ್ತಿದ್ದೀಯ ಎಂದು ನನಗೆ ಆಗ ತಿಳಿಯಿತು. ಕೊನೆತನಕ ಜೊತೆಗಿರುತ್ತೇನೆ ಎಂದು ಮಾತು ಕೊಟ್ಟಿದ್ದೆಯಲ್ಲ ಎಂದು ಕೇಳಿದೆ.

ಬೇರೆ ಗಂಡಸಾಗಿದ್ದರೆ ತಲೆ ತಗ್ಗಿಸುತ್ತಿದ್ದ, ಇಲ್ಲವೇ ರೇಗುತ್ತಿದ್ದ. ನೀನು ವಾದ ಶುರುಮಾಡಿದೆ. ಮಾತು ಕೊಟ್ಟವನು ಈಗ ಇಲ್ಲ, ಅವನ ಮುಖ ಹೊತ್ತುಕೊಂಡಿರುವ ಬೇರೊಬ್ಬ ಇದ್ದಾನೆ ಎಂದೆ. ಮನುಷ್ಯ ಬದಲಾಗುತ್ತ ಬದಲಾಗುತ್ತ ಒಂದು ದಿನ ಮೊದಲಿನವನಾಗಿ ಉಳಿದಿರುವುದೇ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತು ಇಳಿದು ಹೋದವನು ನನಗೆ ಎಷ್ಟು ಪರಿಚಯವೋ ಆ ಹಳೆಯ ನಾನೂ ಅಷ್ಟೇ ಪರಿಚಯ. ಅವನು ಕೊಟ್ಟ ಮಾತಿಗೆ ನನ್ನನ್ನು ಹಿಡಿದು ಕೇಳಿದರೆ ಹೇಗೆ ಎಂದೆ. ನಾನು ಅಳುತ್ತಲೇ ತಲೆಯೊಳಗೆ ಎದುರುವಾದ ಹುಡುಕುತ್ತಿದ್ದೆ. ನಮ್ಮಂಥವರ ಹಣೆಬರಹವೇ ಇಷ್ಟು.

ಬಸ್ಸು ಹೊರಡುವ ಮೊದಲು ನೀನು ಕಿಟಕಿಯಿಂದ ಬಗ್ಗಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. “ನೀನು ಇದಕ್ಕೆ ಉತ್ತರ ಬರಿ. ನಾನು ಒಪ್ಪೋ ಥರ ಬರಿ. ಒಪ್ಪಿದ್ರೆ ವಾಪಸ್ ಬರ್ತೀನಿ, ಮಾತು ಕೊಡ್ತೀನಿ.” ನನ್ನ ಅಳು ನಿಲ್ಲಿಸಲು ಹೇಳಿದೆಯೋ, ನಿಜವಾಗಿಯೇ ಹೇಳಿದೆಯೋ ಗೊತ್ತಿಲ್ಲ. ನಾನಂತೂ ಕಣ್ಣೊರೆಸಿಕೊಂಡು ನೇರವಾಗಿ ವಿಭಾಗಕ್ಕೆ ನಡೆದೆ.

ಸಂಶೋಧನೆಯ ವಿಷಯ ಬದಲಿಸುತ್ತೇನೆ ಎಂದಾಗ ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕಾರ್ಯಕಾರಣ ಸಂಬಂಧದ ಮೇಲೆ ಅರ್ಧ ಪ್ರಬಂಧ ಬರೆದಾಗಿತ್ತು. ಅದನ್ನು ಬದಿಗಿಟ್ಟು, ಕೊಟ್ಟ ಮಾತು ಮನುಷ್ಯನನ್ನು ಎಲ್ಲಿಯವರೆಗೆ ಕಟ್ಟಿಹಾಕುತ್ತದೆ ಎಂಬುದರ ಮೇಲೆ ಬರೆಯುತ್ತೇನೆ ಎಂದೆ. ಯಾಕೆ ಎಂದು ಕೇಳಿದರು. ಆಸಕ್ತಿ ಹುಟ್ಟಿದೆ ಎಂದೆ. ಅವರು ಒಳ್ಳೆಯವರು, ಆಸಕ್ತಿ ಎಂದರೆ ನಂಬಿಬಿಡುತ್ತಾರೆ.

ಅವರ ಪದ್ಧತಿ ನಿನಗೆ ಗೊತ್ತೇ ಇದೆ. ಮೊದಲು ಪೂರ್ವಪಕ್ಷ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು, ಹೌದು, ಇದೇ ನನ್ನ ಮಾತು ಎಂದು ಅವನು ಒಪ್ಪಬೇಕು, ಆಮೇಲಷ್ಟೇ ನಮ್ಮ ಉತ್ತರಕ್ಕೆ ಬಾಯಿ ತೆರೆಯಬೇಕು. ಎದುರಾಳಿ ಕೋಣೆಯಲ್ಲಿ ಇಲ್ಲದಿದ್ದರೆ ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಕೂತು ನಾವೇ ಅವನಾಗಿ ಮಾತಾಡಬೇಕು. ಆ ಕುರ್ಚಿಯಲ್ಲಿ ನಾನು ವರ್ಷಗಟ್ಟಲೆ ನೀನಾಗಿ ಕೂತೆ. ಮೊದಮೊದಲು ನಿನ್ನ ಮೇಲಿನ ಸಿಟ್ಟಿಗೆ ನಿನ್ನ ವಾದವನ್ನು ಬೇಕೆಂದೇ ಸಡಿಲವಾಗಿ ಹೇಳುತ್ತಿದ್ದೆ. ಮೇಷ್ಟ್ರು ಬಿಡುತ್ತಿರಲಿಲ್ಲ. ಪಾಪ, ಅವನಿಗೂ ಸ್ವಲ್ಪ ಬುದ್ಧಿ ಇರಬಹುದಲ್ಲವೇ ಎನ್ನುತ್ತಿದ್ದರು, ಅವನು ಯಾರೆಂದು ತಿಳಿಯದೆ.

ಹಾಗಾಗಿ ನೀನು ಬಾಯಿಗೆ ಬಂದಂತೆ ಆಡಿದ್ದನ್ನೆಲ್ಲ ನಾನು ಕೂತು ಒಪ್ಪ ಮಾಡಿದೆ. ನೀನು ಬಿಟ್ಟಿದ್ದ ತೂತುಗಳನ್ನೆಲ್ಲ ನಾನೇ ಹೊಲಿದೆ. ಹಳೆಯದು ನೆನಪಿದೆಯಲ್ಲ, ಹಾಗಾದರೆ ನೀನು ಅವನೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಓದಿದ ಕಥೆಯೂ ನೆನಪಿರುತ್ತದೆ, ಹಾಗೆಂದು ಅದರ ನಾಯಕ ನಾವಾಗುವುದಿಲ್ಲ ಎಂದು ನಿನ್ನ ಪರವಾಗಿ ಬರೆದೆ. ನಿನಗೆ ಹೊಳೆಯದೆ ಇದ್ದದ್ದು ನನಗೆ ಹೊಳೆಯಿತು ಎಂದು ಅವತ್ತು ಖುಷಿಯಾಗಿ ಒಬ್ಬಳೇ ನಕ್ಕೆ. ನಾಲ್ಕನೇ ಅಧ್ಯಾಯ ಮುಗಿಯುವ ಹೊತ್ತಿಗೆ ನಿನ್ನ ವಾದ ಎಷ್ಟು ಗಟ್ಟಿಯಾಯಿತೆಂದರೆ, ನೀನು ನನ್ನನ್ನು ಬಿಟ್ಟುಹೋದದ್ದರಲ್ಲಿ ತಪ್ಪೇನೂ ಇಲ್ಲ ಎಂದು ಓದಿದವರಿಗೆ ಅನ್ನಿಸಬೇಕು. ಕೆಲವು ದಿನ ನನಗೂ ಹಾಗೇ ಅನ್ನಿಸಿತು.

ಪದ್ಧತಿಯಂತೆ ಅದನ್ನು ನಿನಗೆ ಅಂಚೆಯಲ್ಲಿ ಕಳಿಸಿದ್ದೆ. ನೀನು ವಾಪಸ್ ಕಳಿಸಿದ ಪ್ರತಿಯ ಕೊನೆಯ ಪುಟದಲ್ಲಿ, ‘ಹೌದು, ಇದೇ ನನ್ನ ಮಾತು’ ಎಂದು ಬರೆದಿದ್ದೆ. ಬೇರೇನೂ ಇರಲಿಲ್ಲ. ಹೇಗಿದ್ದೀಯ ಎಂದೂ ಇರಲಿಲ್ಲ. ಆದರೂ ನಿನ್ನ ಅಕ್ಷರ ನೋಡಿ ನನಗೆ ಎಷ್ಟು ಸಂತೋಷವಾಯಿತು ಎಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಐದನೆಯದು ಉತ್ತರದ ಅಧ್ಯಾಯ. ಅದಕ್ಕೆ ಶೀರ್ಷಿಕೆ ಕೊಟ್ಟೆ. ಮೊದಲ ವಾಕ್ಯವನ್ನು ಎಷ್ಟೋ ಸಲ ಬರೆದು ಹೊಡೆದುಹಾಕಿದೆ. ಕೊಡೆ ಎರವಲು ಪಡೆದವನ ಉದಾಹರಣೆ, ಸಾಯುವವರಿಗೆ ಮಾತು ಕೊಟ್ಟವಳ ಉದಾಹರಣೆ, ಒಂದೊಂದನ್ನೇ ತಂದು ನಿಲ್ಲಿಸಿದೆ. ಕುರ್ಚಿಯಲ್ಲಿ ಕೂತ ನೀನು ಒಂದೊಂದನ್ನೇ ಉರುಳಿಸಿದೆ. ಉರುಳಿಸುತ್ತಿದ್ದವಳೂ ನಾನೇ ಅನ್ನು.

ಈ ನಡುವೆ ವಿಭಾಗದ ಕಥೆ ಕೇಳಿದರೆ ನೀನು ನಗುತ್ತೀಯ. ನಾವು ಓದುವಾಗ ಬೆಂಚು ಸಾಲದೆ ಕಿಟಕಿಕಟ್ಟೆಯ ಮೇಲೆ ಕೂರುತ್ತಿದ್ದೆವು. ಈಗ ಎಂ.ಎ.ಗೆ ಸೇರುವವರೇ ಇಲ್ಲ. ಸೆಮಿನಾರ್ ಕೋಣೆಯನ್ನು ಮ್ಯಾನೇಜ್‌ಮೆಂಟ್ ವಿಭಾಗದವರಿಗೆ ಕೊಟ್ಟರು, ಅವರು ಬಣ್ಣ ಹೊಡೆಸಿ ಎ.ಸಿ. ಹಾಕಿಸಿಕೊಂಡಿದ್ದಾರೆ. ನಮಗೆ ಉಳಿದದ್ದು ಜೆರಾಕ್ಸ್ ಯಂತ್ರದ ಹಿಂದಿನ ಈ ಕೋಣೆ. ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಯಾರದೋ ಹಳೆಯ ಪಿಎಚ್.ಡಿ. ಪ್ರಬಂಧ ಇಟ್ಟಿದ್ದೇವೆ. ಒಂದಾದರೂ ಉಪಯೋಗಕ್ಕೆ ಬಂತಲ್ಲ ಎಂದು ಕಚೇರಿಯ ಗುಮಾಸ್ತೆ ಹೇಳುತ್ತಿರುತ್ತಾಳೆ. ಮೇಷ್ಟ್ರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ. ಅವರು ಹೊರಡುವ ಮೊದಲು ನಾನು ಪ್ರಬಂಧ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದು. ಇನ್ನಷ್ಟು ಕಾಲಾವಕಾಶ ಕೊಡಿ ಎಂದು ಅಂಗಲಾಚಿ ಅದೂ ಮುಗಿದುಹೋಗಿದೆ.

ಹಾಗಾಗಿ ಮಂಗಳವಾರ ಕೊನೆಯ ಮಂಡನೆ. ಒಪ್ಪಿಸುವ ಮೊದಲು ಎಲ್ಲರೆದುರು ಪ್ರಬಂಧದ ವಾದ ಹೇಳಿ ತೋರಿಸಬೇಕಲ್ಲ, ಅದು. ಎಲ್ಲರೆದುರು ಎಂದರೆ ಮೇಷ್ಟ್ರು, ಹೊರಗಿನಿಂದ ಬಂದ ಪರೀಕ್ಷಕಿ, ಹಾಜರಿ ಬರೆದುಕೊಳ್ಳಲು ಕೂತ ಗುಮಾಸ್ತೆ. ನಾನು ಕಿಟಕಿಯ ಕುರ್ಚಿಯಲ್ಲಿ ಕೂತು ನಿನ್ನ ವಾದ ಹೇಳಿದೆ. ನನಗೇ ಅರಿವಿಲ್ಲದೆ ನಿನ್ನ ಹಾಗೆ ಕೈ ಆಡಿಸುತ್ತಿದ್ದೆನಂತೆ. ಪರೀಕ್ಷಕಿ ಪೆನ್ನು ಕೆಳಗಿಟ್ಟು ಕೇಳಿದರು. ಇದೆಲ್ಲ ತನ್ನ ಗಂಡನ ಕಿವಿಗೆ ಬೀಳದಿದ್ದರೆ ಸಾಕು ಎಂದು ಗುಮಾಸ್ತೆ ಆಮೇಲೆ ನನ್ನ ಹತ್ತಿರ ಹೇಳಿದಳು. ಮುಗಿಸಿದಾಗ ಮೇಷ್ಟ್ರು ತಲೆಯಾಡಿಸಿದರು. ಅವರು ಯಾರ ಪೂರ್ವಪಕ್ಷಕ್ಕೂ ಅಷ್ಟು ಬೇಗ ತಲೆಯಾಡಿಸಿದ್ದನ್ನು ನಾನು ನೋಡಿರಲಿಲ್ಲ.

“ಸರಿಯಮ್ಮ,” ಎಂದರು. “ಈಗ ಈ ಕಡೆ ಬಂದು ಉತ್ತರ ಹೇಳು.”

ಎದ್ದು ಈ ಕಡೆ ಬಂದೆ. ಕೈಯಲ್ಲಿ ಹಾಳೆ ಇತ್ತು, ಹಾಳೆಯಲ್ಲಿ ಶೀರ್ಷಿಕೆ ಇತ್ತು. ಗೋಡೆಯಾಚೆ ಜೆರಾಕ್ಸ್ ಯಂತ್ರ ಓಡುತ್ತಿತ್ತು. ಉತ್ತರ ಇಲ್ಲ ಸರ್ ಎಂದೆ.

ಪರೀಕ್ಷಕಿ ಕೆಟ್ಟವರಲ್ಲ. ಒಂದು ದಾರಿ ತೋರಿಸಿದರು. ಐದನೇ ಅಧ್ಯಾಯ ಬಿಟ್ಟುಬಿಡಿ, ನಾಲ್ಕನೆಯದನ್ನೇ ನಿಮ್ಮ ನಿಲುವು ಎಂದು ಮಾಡಿ, ಶೀರ್ಷಿಕೆ ಬದಲಿಸಿ ತಿಂಗಳ ಕೊನೆಯೊಳಗೆ ಕೊಡಿ, ನಾನು ಪಾಸು ಮಾಡುತ್ತೇನೆ, ಇಷ್ಟು ಚೆನ್ನಾಗಿರುವುದನ್ನು ಯಾರಾದರೂ ಎಸೆಯುತ್ತಾರೆಯೇ ಎಂದರು. ಮೇಷ್ಟ್ರು ಆಸೆಯಿಂದ ನನ್ನ ಮುಖ ನೋಡಿದರು. ನಾನು ಬೇಡ ಎಂದೆ. ಕೊಟ್ಟ ಮಾತಿಗೆ ಯಾರೂ ಬದ್ಧರಲ್ಲ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ ಡಾಕ್ಟರ್ ಎನ್ನಿಸಿಕೊಳ್ಳಬೇಕೇ? ಅದು ನಿಜವೆಂದು ನನಗೆ ಅನ್ನಿಸುವುದಿಲ್ಲ. ಸುಳ್ಳೆಂದು ತೋರಿಸಲೂ ಆಗಲಿಲ್ಲ. ಹಟಮಾರಿ ಎಂದು ನೀನು ಅನ್ನುವೆ. ಅನ್ನು.

ಆಮೇಲೆ ಮೇಷ್ಟ್ರು ಚಹಾ ತರಿಸಿದರು. ಇದನ್ನೆಲ್ಲ ಯಾಕೆ ಹಿಡಿದೆ ಎಂದು ಮೊದಲ ಸಲ ಸರಿಯಾಗಿ ಕೇಳಿದರು. ಬಸ್ ನಿಲ್ದಾಣದ ಪಂದ್ಯವನ್ನು ಹೇಳಿಬಿಟ್ಟೆ. ಅವರು ಲೋಟ ಕೆಳಗಿಟ್ಟು, ಎಂ.ಎ. ಮೊದಲ ವರ್ಷದವರನ್ನು ಕೇಳುವ ಹಾಗೆ ಮೆತ್ತಗೆ ಕೇಳಿದರು.

“ಕೊಟ್ಟ ಮಾತಿಗೆ ಬೆಲೆ ಇಲ್ಲ ಅಂತ ವಾದ ಮಾಡಿದವನೇ, ವಾಪಸ್ ಬರ್ತೀನಿ ಅಂತ ಮಾತು ಕೊಟ್ಟ. ಅದನ್ನ ನೀನು ನಂಬಿದೆಯಾ?”

ನಂಬಿದ್ದೆ. ತಮಾಷೆ ಕಾಣುತ್ತಿದೆಯಲ್ಲ? ನಾನು ಗೆದ್ದಿದ್ದರೆ ಪಂದ್ಯದ ಮಾತು ಬೇಕಾಗಿಯೇ ಇರಲಿಲ್ಲ, ಮೊದಲು ಕೊಟ್ಟ ಮಾತೇ ಸಾಕಾಗುತ್ತಿತ್ತು. ಸೋತರೆ ಮೊದಲಿನದರ ಜೊತೆ ಅದೂ ಹೋಯಿತು. ಹೇಗೆ ನೋಡಿದರೂ ಆ ಮಾತಿಗೆ ಕೆಲಸವೇ ಇರಲಿಲ್ಲ. ಬೇರೆಯವರ ವಾದದಲ್ಲಿ ಕೂದಲು ಸೀಳುವವಳಿಗೆ ಇಷ್ಟು ಕಾಣಲಿಲ್ಲ. ಮೇಷ್ಟ್ರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಪದ್ಧತಿ ಕಲಿಸಿದ್ದೇ ತಪ್ಪಾಯಿತೇನೋ ಎಂದು ಹೇಳಿ ಚಹಾ ಮುಗಿಸದೆ ಎದ್ದು ಹೋದರು. ಅವರಿಗೂ ನಾನೇ ಕೊನೆಯ ವಿದ್ಯಾರ್ಥಿ.

ಇವತ್ತು ಮೇಜು ಖಾಲಿ ಮಾಡಲು ಬಂದಿದ್ದೇನೆ. ಪುಸ್ತಕಗಳನ್ನು ಗ್ರಂಥಾಲಯಕ್ಕೆ ಒಪ್ಪಿಸಿದ್ದಾಯಿತು. ಕರಡುಗಳನ್ನು ಏನು ಮಾಡಲಿ ಎಂದರೆ, ಒಂದು ಮಗ್ಗುಲು ಖಾಲಿ ಇದೆಯಲ್ಲ, ಜೆರಾಕ್ಸಿಗೆ ಆಗುತ್ತದೆ ಎಂದು ಗುಮಾಸ್ತೆ ಎತ್ತಿಕೊಂಡಳು. ಮುಂದಿನ ವಾರದಿಂದ ಒಂದು ಶಾಲೆಯಲ್ಲಿ ನೀತಿಪಾಠ ಹೇಳುವ ಕೆಲಸ ಸಿಕ್ಕಿದೆ, ತಾತ್ಕಾಲಿಕ. ಮಾತು ಉಳಿಸಿಕೊಳ್ಳುವುದರ ಬಗ್ಗೆಯೂ ಒಂದು ಪಾಠ ಇದೆ. ಯಾಕೆ ಉಳಿಸಿಕೊಳ್ಳಬೇಕು ಎಂದು ಯಾವ ಮಗುವೂ ಕೇಳದಿದ್ದರೆ ಸಾಕು. ಅಮ್ಮನಿಗೆ ಇನ್ನೂ ಹೇಳಿಲ್ಲ. ಮಗಳು ಡಾಕ್ಟರಾಗುತ್ತಾಳೆ, ಆದರೆ ಜ್ವರ ನೋಡುವ ಡಾಕ್ಟರಲ್ಲ ಎಂದು ಅಕ್ಕಪಕ್ಕದವರಿಗೆ ವಿವರಿಸಿ ವಿವರಿಸಿ ಅವಳಿಗೆ ಸುಸ್ತಾಗಿದೆ. ಇನ್ನು ಆ ಕಷ್ಟ ಇರುವುದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕು ಅಂದುಕೊಂಡಿದ್ದೆ. ಸಿಟ್ಟಿದೆ. ಅದಕ್ಕಿಂತ ಹೆಚ್ಚು ದಣಿವಿದೆ. ನನ್ನ ಒಳ್ಳೆಯ ವರ್ಷಗಳೆಲ್ಲ ನಿನ್ನ ಕುರ್ಚಿಯಲ್ಲಿ ಕೂತೇ ಕಳೆದುಹೋದವು, ಇನ್ನು ಮುಂದೆ ಯಾವುದಕ್ಕೆ ಕಾಯಬೇಕೋ ತಿಳಿಯುತ್ತಿಲ್ಲ. ಈ ಪತ್ರಕ್ಕೆ ಉತ್ತರ ಬರೆಯಬೇಡ. ಬರೆದರೆ ನಾನು ಅದಕ್ಕೊಂದು ಉತ್ತರ ಹುಡುಕುತ್ತ ಮತ್ತೆ ಕೂರುತ್ತೇನೆ. ಸಹಿ ಬೇಕಾದಲ್ಲೆಲ್ಲ ಹಾಕಿದ್ದೇನೆ, ಒಂದು ಸಲ ನೋಡಿಕೋ. ಹಲ್ಲಿನ ಸೂಕ್ಷ್ಮ ಕೆಲಸ ಮಾಡುವವನು, ಕಣ್ಣು ಜೋಪಾನ.

ಇಷ್ಟು ಬರೆದು ಮುಗಿಸುವ,
ಒಂದು ಕಾಲಕ್ಕೆ ನಿನ್ನ ಎದುರುಪಕ್ಷವಾಗಿದ್ದವಳು

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೇಷ್ಟ್ರು ಕೇಳಿದಾಗ ನನ್ನ ಹತ್ತಿರ ಉತ್ತರ ಇತ್ತು. ಎರಡು ವರ್ಷದ ಹಿಂದೆ ನಿನ್ನ ಅಮ್ಮ ಫೋನಿನಲ್ಲಿ ಮಾತಾಡುತ್ತ ಬಾಯಿತಪ್ಪಿ ನಿನ್ನ ಮಗಳ ಹೆಸರು ಹೇಳಿಬಿಟ್ಟರು. ಹೇಳಿದ ಮೇಲೆ ಅವರೇ ಅತ್ತರು. ಅಲ್ಲಿ ನಿನಗೆ ಇನ್ನೊಂದು ಸಂಸಾರ ಇರುವುದು ನನಗೆ ಗೊತ್ತಾದದ್ದು ಹಾಗೆ. ಮದುವೆಯಾದ ಹೊಸದರಲ್ಲಿ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು, ಮಗಳು ಹುಟ್ಟಿದರೆ ಇಡೋಣ ಎಂದು ನಾವಿಬ್ಬರೂ ಸೇರಿ ಆರಿಸಿದ್ದ ಹೆಸರು ಅದು. ಬಸ್ಸಿನಲ್ಲಿ ಪಕ್ಕ ಕೂತು ಇಳಿದು ಹೋದವನು ಆರಿಸಿದ ಹೆಸರನ್ನು ಯಾರೂ ತಮ್ಮ ಮಗಳಿಗೆ ಇಡುವುದಿಲ್ಲ; ಆ ಹಳೆಯವನು ನೀನೇ. ಐದನೇ ಅಧ್ಯಾಯಕ್ಕೆ ಈ ಒಂದು ಉದಾಹರಣೆ ಸಾಕಿತ್ತು, ನೀನೂ ಒಪ್ಪುತ್ತಿದ್ದೆ. ಆದರೆ ಅದನ್ನು ಬರೆದರೆ ಮಗು ಇರುವುದನ್ನೂ ಬರೆಯಬೇಕಾಗುತ್ತಿತ್ತು. ಬರೆಯದೆ ಇದ್ದಷ್ಟು ದಿನ ನೀನು ವಾಪಸ್ ಬರುವುದು ಬಾಕಿ ಇತ್ತು. ಆ ಹೆಸರನ್ನು ಮೊಟಕು ಮಾಡಿ ಕರೆಯುವುದಿಲ್ಲ ಎಂದು ಅವತ್ತು ಇಬ್ಬರೂ ಮಾತು ಕೊಟ್ಟುಕೊಂಡಿದ್ದೆವು. ಅವಳನ್ನು ಪೂರ್ತಿ ಹೆಸರಿನಿಂದಲೇ ಕರೆ.