ದಿಬ್ಬದ ಕಲ್ಲುಮನೆ

11 ಸೆಪ್ಟೆಂಬರ್ 1983, ಭಾನುವಾರ

ಕುರಿರೊಪ್ಪ ಗುಡಿಸಿ ಆಯ್ತು. ಇತಿಹಾಸದ ಹರಪ್ಪ ನಾಗರಿಕತೆ ಪಾಠ ಮತ್ತೆ ಓದಿದೆ. ಆ ಕಾಲಕ್ಕೇ ಮುಚ್ಚಿದ ಚರಂಡಿ! ನಮ್ಮ ಹಟ್ಟಿಗೆ ಇವತ್ತಿಗೂ ಇಲ್ಲ. ಫಸ್ಟ್ ಕ್ಲಾಸ್ ಜನ.

ಸಂಜೆ ದಿಬ್ಬದ ಕಲ್ಲುಮನೆ ಅಳೆದೆ. ಸುತ್ತ ಚಪ್ಪಡಿ, ಮೇಲೊಂದು ಚಪ್ಪಡಿ, ಎದುರಿಗೆ ತೆವಳಿ ಹೋಗುವಷ್ಟು ದುಂಡನೆ ಕಿಂಡಿ. ಎಂಥ ಮಳೆಗೂ ಹನಿ ಸೋರಲ್ಲ. ಪಾಂಡವರು ಕಟ್ಟಿದ್ದು ಅಂತಾರೆ. ಬಾಣಂತಿಯರು ಸೂತಕ ಕಳೆಯುವ ತನಕ ಹಟ್ಟಿಯೊಳಗೆ ಬರೋ ಹಾಗಿಲ್ಲವಲ್ಲ, ಅಲ್ಲೇ ಇರ್ತಾರೆ. ನಾನು ಹುಟ್ಟಿದಾಗ ಅವ್ವ ಇದ್ದದ್ದೂ ಅಲ್ಲೇ. ನನ್ನಕ್ಕ ಹೊನ್ನಕ್ಕ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಮುಂದಿನ ತಿಂಗಳು ಅವಳ ಸರದಿ.

19 ಸೆಪ್ಟೆಂಬರ್

ಕಾಲೇಜ್ ಲೈಬ್ರರಿ ಪುಸ್ತಕದಲ್ಲಿ ಅಂಥದ್ದೇ ಕಲ್ಲುಮನೆ ಫೋಟೊ! ಕಿಂಡಿ ಸಮೇತ! ಮನೆ ಅಲ್ಲವಂತೆ, ಗೋರಿ. ಎರಡು ಸಾವಿರ ವರ್ಷಕ್ಕಿಂತ ಹಳೇದು. ಶಿರಾ ಬಸ್ಸು ಇಳಿದವನೇ ಓಡಿದೆ. ಹಟ್ಟಿ ದೇವರು ಜುಂಜಪ್ಪನ ಗುಡಿ ಕಟ್ಟೆ ಮೇಲೆ ಕೂತವರಿಗೆಲ್ಲ ಹೇಳಿದೆ.

ಹಟ್ಟಿ ಯಜಮಾನ ಪರ್ವತಯ್ಯ ಮಾವ ಬೀಡಿ ಆರಿಸಿದ. "ಗೋರಿ ಅಂದ್ರೆ? ಹೆಣ ಹೂತಿರಾದಾ?"

"ಹೂಂ ಮಾವ! ಮೂಳೆ, ಮಡಕೆ, ಎಲ್ಲಾ..."

ಎಲ್ಲಾ ಎದ್ದು ದಿಬ್ಬದ ಕಡೆ ನೋಡಿದರು. ಖುಷಿಗೆ ಅಂದ್ಕೊಂಡೆ.

21 ಸೆಪ್ಟೆಂಬರ್

ಕಿಂಡಿಗೆ ಜಾಲಿಮುಳ್ಳು ತುರುಕಿದ್ದಾರೆ. ಹೆಣ ಹೂತ ಜಾಗದಲ್ಲಿ ಬಾಣಂತಿ ಮಲಗಬಾರದಂತೆ. ಅಕ್ಕನಿಗೆ ಹಟ್ಟಿ ಹೊರಗೆ ತೆಂಗಿನ ಗರಿ ಗುಡ್ಲು.

ಮುದ್ದೆ ಇಕ್ಕುತ್ತಾ ಅವ್ವ: "ನಿನ್ ಪುಸ್ತಕದ ಹಾಳೆ ಹೊದಿಸು ಹೋಗ್ಲಾ ಗುಡ್ಲು ಮ್ಯಾಲೆ. ಸೋರಾದು ನಿಂತಾತು."

14 ಅಕ್ಟೋಬರ್, ಬೆಳಿಗ್ಗೆ

ಮೊನ್ನೆ ಅಕ್ಕನಿಗೆ ಹೆಣ್ಣುಮಗು. ಅವತ್ತಿಂದ ಮಳೆ ಬಿಟ್ಟಿಲ್ಲ. ಗುಡ್ಲೊಳಗೆ ನೀರು ಹರೀತಿದೆ. ಮಗು ಮೈ ತಣ್ಣಗಾಗ್ತಿದೆಯಂತೆ. ಅಳು ಕೇಳಿಸಿಕೊಂಡೆ — ನೆನ್ನೆಗಿಂತ ಸಣ್ಣ.

ಮನೆಗೆ ಬಾ ಅಂದೆ. ಅಕ್ಕನೇ ಒಪ್ಪಲಿಲ್ಲ. "ದೇವ್ರಿಗೆ ಆಗಾಕಿಲ್ಲ ಕಣ್ಲಾ. ಕಲ್ಲುಮನೆ ಆಗಿದ್ರೆ ಬೆಚ್ಚಗಿರಾದು..."

ಮಧ್ಯಾಹ್ನ

ಕಟ್ಟೆಗೆ ಹೋದೆ.

"ತಪ್ಪು ಹೇಳ್ಬುಟ್ಟೆ ಮಾವ. ಅದು ಗೋರಿ ಅಲ್ಲ. ಮನೇನೇ."

"ಪುಸ್ತಕದಾಗೆ ಐತೆ ಅಂದಲ್ಲೋ?"

"ಆ ಫೋಟೊ ಬೇರೆ ಊರಿಂದು. ನಾನೇ ಸರ್ಯಾಗಿ ಓದ್ಲಿಲ್ಲ."

"ಕಾಲೇಜ್ಗೆ ಬಸ್ ಚಾರ್ಜ್ ದಂಡ ಅನ್ನು" ಅಂದ ಕಟ್ಟೆ ಮೇಲಿದ್ದ ಓಬಳಪ್ಪ. ಎಲ್ಲಾ ನಕ್ಕರು. ಮಾವ ನಗಲಿಲ್ಲ.

"ಜುಂಜಪ್ಪನ ಮ್ಯಾಲೆ ಆಣೆ ಇಡ್ತೀಯೇನ್ಲಾ?"

ಗುಡಿ ಹೊಸ್ತಿಲು ಮುಟ್ಟಿ ಇಟ್ಟೆ.

ಮಾವನೇ ಹೋಗಿ ಮುಳ್ಳು ಎಳೆದ.

17 ಅಕ್ಟೋಬರ್

ಮಗು ಹಾಲು ಕುಡೀತಿದೆ. ಜೋರಾಗಿ ಅಳ್ತಿದೆ.

ಅನ್ನ-ಸಾರು ದೂರದಲ್ಲಿಟ್ಟು ನಿಂತೆ. ಕಿಂಡಿಯಿಂದ ಅಕ್ಕನ ಕೈ ಬಂತು. ಕೈಯಲ್ಲಿ ಬಟ್ಟಲು. ಮೇಲೆ ಕಪ್ಪು, ಕೆಳಗೆ ಕೆಂಪು, ನುಣುಪು. ಪುಸ್ತಕದಲ್ಲಿರೋದೇ!

"ಬೆಂಕಿಗೆ ಗುಂಡಿ ತೋಡ್ದೆ, ಸಿಕ್ತು ಕಣ್ಲಾ. ಒಂಚೂರೂ ಒಡೆದಿಲ್ಲ ನೋಡು. ಕೆಳಗೆ ಮೂಳೆನೂ ಐತೆ. ಯಾವುದ್ರದ್ಲಾ?"

ಹಿಂದೆ ಕೆಮ್ಮು. ಪರ್ವತಯ್ಯ ಮಾವ. ಯಾವಾಗ ಬಂದನೋ.

"ಕುರೀದು" ಅಂದೆ. "ಮಣ್ಣು ಮುಚ್ಬುಡು."

"ಬಟ್ಲು ಬೇಕೇನ್ಲಾ ನಿಂಗೆ? ಇಂಥವಂದ್ರೆ ಸಾಯ್ತೀಯಲ್ಲ" ಅಂದಳು ಅಕ್ಕ.

ಬೇಡ ಅಂದೆ.

ಅಕ್ಕ ಅದಕ್ಕೆ ಬಿಸಿನೀರು ಬಗ್ಗಿಸಿ, ಬಟ್ಟೆ ಅದ್ದಿ ಮಗುವಿನ ಕಣ್ಣು ಒರೆಸಿದಳು. ಅಷ್ಟು ವರ್ಷ ಹೆಣದ ಜೊತೆ ಮಣ್ಣಲ್ಲಿದ್ದ ಬಟ್ಟಲು, ಮತ್ತೆ ಮನೆ ಬಳಕೆಗೆ ಬಂತು.