ಅಜ್ಜಿಯ ಗೌಜಲಕ್ಕಿ

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ ಆರೂವರೆ. ಆಲ್ಕೊಳದ ಹಿಂದಿನ ಖಾಲಿ ಸೈಟು. ಇವತ್ತೂ ಹನ್ನೊಂದೇ ಜಾತಿ. ಪಿಕಳಾರ, ಮಡಿವಾಳ, ಸೂರಕ್ಕಿ... ಗೌಜಲಕ್ಕಿ ಇಲ್ಲ. ಪೊದೆ ಸವರಿದ ಮೇಲೆ ಎಲ್ಲಿಂದ ಬಂದೀತು?

ಹಕ್ಕಿ ಬೇಟೆಯ ವಿರುದ್ಧದ ಕರಪತ್ರ ಬರೆದು ಮುಗಿಸಿದೆ. ಕೊನೆಯ ಸಾಲು: "ಹಕ್ಕಿ ಹಿಡಿಯುವವರ ಮನೆಯಲ್ಲಿ ನೀರನ್ನೂ ಮುಟ್ಟಬೇಡಿ." ಪುನೀತ್ ಓದಿ ನಕ್ಕ. ಕಾಲೇಜಿನಿಂದಲೂ ಗೆಳೆಯ, ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟುವವನು, ನನ್ನ ಯಾವ ಮಾತಿಗೂ ಹೆದರುವುದಿಲ್ಲ.

"ಇದು ಕರಪತ್ರನೋ, ಬಹಿಷ್ಕಾರನೋ?"

ಎರಡೂ, ಅಂದೆ. ಇನ್ನೂರು ಜೆರಾಕ್ಸ್.

ಫೆಬ್ರವರಿ 16, ಭದ್ರಾವತಿ

ದೊಡ್ಡಪ್ಪನ ಮನೆ. ಅಜ್ಜಿ ಇರುವುದು ಇಲ್ಲೇ. ಹಕ್ಕಿ ದನಿ ಗುರುತಿಸುವ ಆ್ಯಪ್ ತೋರಿಸಿದೆ. ಗೌಜಲಕ್ಕಿಯ ಕೂಗು ಹಾಕಿದೆ. ಅಜ್ಜಿ ಮೂಗು ಮುರಿದಳು.

"ಇದು ಗಂಡು ಕಣೆ ಸುಪ್ಪಿ. ಹೆಣ್ಣು ಎಲ್ಲಾದ್ರೂ ಹಿಂಗೆ ಕೂಗುತ್ತಾ?"

ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದಳು. ಎಪ್ಪತ್ತೆಂಟು ವರ್ಷ! ಆ್ಯಪ್ ಕೂಡ ಮೋಸ ಹೋಯಿತು. ಪರದೆಯ ಮೇಲೆ ಗೌಜಲಕ್ಕಿಯ ಚಿತ್ರ.

ದೊಡ್ಡಪ್ಪ ಅಂಗಳದಿಂದ ಓಡಿಬಂದರು. "ಅವ್ವ, ಅದೆಲ್ಲಾ ಈಗ್ಯಾಕೆ?" ಮುಖ ಬಿಗಿದಿತ್ತು. ಯಾಕೋ ತಿಳಿಯಲಿಲ್ಲ.

ಎಲ್ಲಿ ಕಲಿತೆ ಅಂದರೆ, "ಹೊಳಲೂರ ಹೊಲದಾಗೆ. ಹಕ್ಕಿ ಜೊತೆಗೇ ಇದ್ವಿ, ಬಂತು." ಅಷ್ಟೇ. ನಾನೂ ಊದಿ ನೋಡಿದೆ. ಬರೀ ಗಾಳಿ.

"ನೀನು ಭಾಷಣ ಮಾಡೋಕೇ ಸರಿ ಮಾರಾಯ್ತಿ."

ಎರಡು ನಿಮಿಷ ರೆಕಾರ್ಡ್ ಮಾಡಿಕೊಂಡೆ.

ಫೆಬ್ರವರಿ 19

ಅಜ್ಜಿಯ ಕೂಗಿಗೆ ಪುನೀತ್ ಬೀಟ್ ಕೂಡಿಸಿದ. ಮೂರನೇ ಕೂಗಿನ ನಂತರ ಒಂದು ಸಣ್ಣ ಸದ್ದು — ಟಿಣ್. ಅಜ್ಜಿಯ ಕೈಯ ಎರಡು ಬೆಳ್ಳಿ ಕಡಗ ತಾಗಿದ್ದು. ತೆಗೆಯುತ್ತೇನೆ ಅಂದ. ಬೇಡ, ಅದು ಅಜ್ಜಿಯ ಸಹಿ ಅಂದೆ.

ನನ್ನ ಪೇಜಿನಲ್ಲಿ ಹಾಡಿನ ಜೊತೆ ಬರೀ ಕೂಗನ್ನೂ ಹಾಕಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

"ಬರೀ ಕೂಗು ಯಾಕೆ? ಅದ್ರಿಂದ ಯಾರಿಗೇನು?"

"ಜ್ಞಾನಕ್ಕೆ ಬೀಗ ಹಾಕೋದು ಕಳ್ಳತನ."

ಅಜ್ಜಿಯನ್ನು ಕೇಳಲಿಲ್ಲ. ಕೇಳಬೇಕು ಅಂತಲೂ ಹೊಳೆಯಲಿಲ್ಲ.

ಫೆಬ್ರವರಿ 27

ಹಾಡು ಇಳಿಸಿಕೊಂಡವರು ಮೂವತ್ತೊಂದು ಜನ. ಬರೀ ಕೂಗು — ನಾನೂರ ಹನ್ನೆರಡು! ಜನಕ್ಕೆ ಹಕ್ಕಿಯ ಬಗ್ಗೆ ಇಷ್ಟು ಕುತೂಹಲವಿದೆ. ಕರಪತ್ರದ ಕೆಲಸ ಇದು.

ಮಾರ್ಚ್ 8, ಬೆಳಿಗ್ಗೆ

ಹಕ್ಕಿ ನೋಡುವವರ ಗ್ರೂಪಿನಲ್ಲಿ ವಿಡಿಯೊ. ಸೋಗಾನೆ ಕಡೆಯ ಕುರುಚಲು. ಫಾರೆಸ್ಟಿನವರು ಮೂವರನ್ನು ಹಿಡಿದಿದ್ದಾರೆ. ಬಲೆ. ಎರಡು ಗೋಣಿಚೀಲ. ಹತ್ತೊಂಬತ್ತು ಗೌಜಲಕ್ಕಿ, ಏಳು ಸತ್ತಿವೆ. ನೆಲದ ಮೇಲೆ ಬ್ಲೂಟೂತ್ ಸ್ಪೀಕರ್, ಇನ್ನೂ ಕೂಗುತ್ತಿದೆ.

ಒಂದು. ಎರಡು. ಮೂರು.

ಟಿಣ್.

ಸಂಜೆ

ಅಳಿಸಿದೆ. ಎರಡನ್ನೂ.

"ನೀನು ಅಳಿಸಿದ್ರೆ ಅವರ ಫೋನಿಂದ ಹೋಗುತ್ತಾ?" — ಪುನೀತ್. ನಗಲಿಲ್ಲ.

ಮಾರ್ಚ್ 10, ಭದ್ರಾವತಿ

ಹೇಳಿದೆ. ಅಜ್ಜಿ ಬೈಯುತ್ತಾಳೆ ಅಂದುಕೊಂಡಿದ್ದೆ. ಸೆರಗಿನ ತುದಿ ಮಡಚುತ್ತಾ, ಬಿಚ್ಚುತ್ತಾ ಕೂತಿದ್ದಳು.

"ನಿಮ್ಮಜ್ಜ ಬಲೆ ಹಾಕೋರು. ನಾನು ಪೊದೆ ಹಿಂದೆ ಕೂತು ಕರೆಯೋಳು. ನಿಮ್ಮಪ್ಪ, ದೊಡ್ಡಪ್ಪ ಓದಿದ್ದು ಆ ದುಡ್ಡಿನಾಗೇ."

ಸೆರಗಿನ ಮಡಿಕೆಯನ್ನು ಮತ್ತೆ ಬಿಚ್ಚಿದಳು.

"ಅವು ಹಾರಿ ಬರ್ತಿರ್ಲಿಲ್ಲ ಕಣೆ. ನಡ್ಕೊಂಡು ಬರೋವು. ನೆಂಟ್ರ ಮನೆಗೆ ಬಂದಂಗೆ."

ನೀರು ತಂದಿಟ್ಟಳು. ನನ್ನ ಚೀಲದಲ್ಲಿ ಉಳಿದ ಕರಪತ್ರಗಳ ಕಟ್ಟು. ಕೈಯಲ್ಲಿ ಲೋಟ. ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ನಾನು ಕುಡಿಯುವವರೆಗೂ ನನ್ನನ್ನೇ ನೋಡುತ್ತಿದ್ದಳು.

ಕುಡಿದೆ.

ಬಾಗಿಲಲ್ಲಿ ದೊಡ್ಡಪ್ಪ ತಡೆದರು. "ನಲವತ್ತು ವರ್ಷ ಆಯ್ತು ಅದನ್ನ ಬಿಟ್ಟು. ನನ್ನ ಮಕ್ಕಳಿಗೂ ಗೊತ್ತಿಲ್ಲ. ಅವ್ವನ ಹೆಸರು ಕೇಸಿಗೆ ಬಂದ್ರೆ ಈ ಮನೆ ಮೆಟ್ಲು ಹತ್ತಬೇಡ."

ಮಾರ್ಚ್ 11

ಫಾರೆಸ್ಟ್ ಆಫೀಸಿನಿಂದ ಫೋನ್. ಹಿಡಿದವರ ಮೊಬೈಲಿನಲ್ಲಿ ನನ್ನ ಪೇಜು ಸಿಕ್ಕಿದೆ. "ಶಿಳ್ಳೆ ಯಾರದು? ಅವ್ರೂ ಈ ಗುಂಪಿನವರಾ? ಗುರುವಾರ ಹನ್ನೊಂದಕ್ಕೆ ಬನ್ನಿ."

ಅಜ್ಜಿಗೆ ಫೋನ್ ಮಾಡಿದೆ. ಹೆದರಬೇಡ, ಗುರುವಾರ ನಾನೇ ಹೋಗಿ ಮುಗಿಸಿ ಬರ್ತೀನಿ ಅಂದೆ. "ಎಲ್ಲಿ ಆ ಆಫೀಸು?" ಅಂದಳು. ಹೇಳಿದೆ.

ಮಾರ್ಚ್ 12

ನಿರ್ಧರಿಸಿದೆ. ನನ್ನದೇ ಶಿಳ್ಳೆ ಅನ್ನುತ್ತೇನೆ. ಹಾಕಿದ್ದು ನಾನು, ತಪ್ಪು ನನ್ನದು... ಅಷ್ಟು ನಿಜ. ಉಳಿದದ್ದು ಸುಳ್ಳು. "ಅನುಕೂಲದ ಸುಳ್ಳು ಹೇಡಿಯ ಕೆಲಸ" ಅಂತ ಬರೆದವಳೂ ನಾನೇ. ಯಾವ ಕರಪತ್ರವೋ ನೆನಪಿಲ್ಲ.

ಇಡೀ ದಿನ ಊದಿದೆ. ತುಟಿ ಬಿರಿದಿದೆ. ಗಾಳಿ, ಗಾಳಿ, ಗಾಳಿ.

ಮಾರ್ಚ್ 13, ಗುರುವಾರ, 11.20

ಆಫೀಸಿನ ಹೊರಗಿನ ಬೆಂಚು. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೇಳಿಬಿಟ್ಟೆ — ನನ್ನದೇ. ಗಾರ್ಡ್ ನನ್ನ ತುಟಿ ನೋಡಿದ. ಊರ ಕಡೆಯ ಮನುಷ್ಯ, ಹಕ್ಕಿ ಗೊತ್ತಿರುವವನು.

"ಹೌದಾ? ಒಳ್ಳೇದಾಯ್ತು. ಸಾಹೇಬ್ರು ಬರ್ಲಿ. ಅವ್ರೆದ್ರಿಗೆ ಒಂದ್ಸಲ ಹಾಕಿ ತೋರ್ಸಮ್ಮ."

11.35

ಬಾಗಿಲ ಹಿಂದೆ ಪಂಜರ. ಉಳಿದ ಹನ್ನೆರಡು. ಕೋರ್ಟು ಹೇಳುವವರೆಗೆ ಬಿಡುವಂತಿಲ್ಲವಂತೆ. ಒಂದೂ ಕೂಗುತ್ತಿಲ್ಲ.

ಮೆಲ್ಲಗೆ ಊದಿ ನೋಡಿದೆ. ಗಾಳಿ.

11.50

ಸಾಹೇಬರ ಜೀಪು ಬಂತು. ಒಳಗೆ ಕುರ್ಚಿ ಎಳೆದ ಸದ್ದು.

ದೊಡ್ಡಪ್ಪನ ಮೆಸೇಜು: "ಅವ್ವ ಬೆಳಿಗ್ಗೆಯಿಂದ ಮನೇಲಿಲ್ಲ. ನಿನ್ನ ಹತ್ರ ಬಂದ್ರಾ?"

ನನ್ನ ಹೆಸರು ಕರೆಯುತ್ತಿದ್ದಾರೆ. ಏಳಬೇಕು. ಗೇಟಿನಾಚೆ ಆಟೊ ನಿಂತಿದೆ, ಯಾರೋ ಇಳಿಯುತ್ತಿದ್ದಾರೆ, ಮುಖ ಕಾಣುತ್ತಿಲ್ಲ. ಪಂಜರದೊಳಗೆ ಒಮ್ಮೆಲೇ ರೆಕ್ಕೆಯ ಸದ್ದು... ಶಿಳ್ಳೆ. ಒಂದು. ಎರಡು. ಹನ್ನೆರಡೂ ಈ ಕಡೆಗೇ ನಡೆದು ಬರುತ್ತಿವೆ. ಮೂರು —

ಟಿಣ್